ತೆರೆದ ಬೀಗಕ್ಕೆ ಮೂರು ಕೊಟೇಶನ್

ಕಾಲೇಜಿನ ಗ್ರಂಥಾಲಯದಲ್ಲಿ ಕೂತವನಿಗೆ ನಗಲು ಹಾಸ್ಯ ಪುಸ್ತಕ ಬೇಕಾಗಿಲ್ಲ. ಬಾಗಿಲು ತೆರೆದಿಟ್ಟರೆ ಸಾಕು, ದಿನಕ್ಕೊಂದು ಅಧ್ಯಾಯ ತಾನಾಗಿಯೇ ನಡೆದು ಬರುತ್ತದೆ. ನಾನು ಇಪ್ಪತ್ತಾರು ವರ್ಷದಿಂದ ಗ್ರಂಥಪಾಲ. ಮೊದಲು ಇಂಡಿ, ಆಮೇಲೆ ಮುದ್ದೇಬಿಹಾಳ, ಈಗ ಸಿಂದಗಿ ಕಡೆ. ಎಲ್ಲ ಊರಲ್ಲೂ ನಕ್ಕಿದ್ದೇನೆ. ಆದರೆ ಈಚೆಗೆ ಒಂದು ಪುಕ್ಕಟೆ ವಸ್ತುವನ್ನು ಕಾಲೇಜಿನೊಳಗೆ ತಂದೆ ನೋಡಿ, ಅದರಿಂದ ಹುಟ್ಟಿದ ನಗು ಇನ್ನೂ ಗಂಟಲಲ್ಲೇ ಇದೆ. ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ.

ಆ ವಸ್ತು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಸಂಶೋಧನೆಯ ಲೇಖನ ಓದಬೇಕೆಂದು ಕಂಪ್ಯೂಟರಿನಲ್ಲಿ ಹುಡುಕಿದರೆ ಪ್ರಕಾಶಕರು ಬಾಗಿಲಲ್ಲೇ ನಿಲ್ಲಿಸಿ ಡಾಲರ್ ಕೇಳುತ್ತಾರೆ. ಅದೇ ಲೇಖನದ ಪ್ರತಿಯನ್ನು ಎಷ್ಟೋ ಸಲ ಬರೆದವರೇ ತಮ್ಮ ವಿಶ್ವವಿದ್ಯಾಲಯದ ಭಂಡಾರದಲ್ಲಿ, ಕಾಯ್ದೆಬದ್ಧವಾಗಿ, ಯಾರು ಬೇಕಾದರೂ ಓದಲಿ ಎಂದು ಇಟ್ಟಿರುತ್ತಾರೆ. ಬ್ರೌಸರಿಗೆ ಜೋಡಿಸುವ ಒಂದು ಸಣ್ಣ ಸಲಕರಣೆ ಇದೆ. ಅಂಥ ಪ್ರತಿ ಎಲ್ಲಿದ್ದರೂ ಅದು ಹುಡುಕಿ, ಪರದೆಯ ಅಂಚಿನಲ್ಲಿ ಹಸಿರು ಬಣ್ಣದ ತೆರೆದ ಬೀಗ ತೋರಿಸುತ್ತದೆ. ಪ್ರತಿ ಇಲ್ಲದಿದ್ದರೆ ಬೀಗ ಬೂದು ಬಣ್ಣದ್ದಾಗಿ ಮುಚ್ಚಿಕೊಂಡಿರುತ್ತದೆ. ಇಷ್ಟೇ.

ಇಷ್ಟೇ ಎಂದು ನಾನು ತಿಳಿದುಕೊಂಡಿದ್ದೆ.

೧. ಕಳವಿನ ಮಾಲು

ನಮ್ಮಲ್ಲಿ ಸಸ್ಯಶಾಸ್ತ್ರಕ್ಕೆ ಒಬ್ಬ ಅತಿಥಿ ಉಪನ್ಯಾಸಕಿ ಇದ್ದರು. ಬಸವನ ಬಾಗೇವಾಡಿ ತಾಲ್ಲೂಕಿನ ಮಸೂತಿಯವರು. ಅತಿಥಿ ಎಂಬ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಒಂಬತ್ತು ವರ್ಷ ದುಡಿದ ಈ ಅತಿಥಿಗೆ ಸ್ಟಾಫ್ ರೂಮಿನಲ್ಲಿ ಕೂಡಲು ಒಂದು ಖುರ್ಚಿ ಇರಲಿಲ್ಲ. ಹಾಗಾಗಿ ಗ್ರಂಥಾಲಯದಲ್ಲಿ ನನ್ನ ಮೇಜಿನ ಎದುರಿಗೆ ಕೂಡುತ್ತಿದ್ದರು. ಇಂಡಿ ಸೀಮೆಯ ಲಿಂಬೆ ಗಿಡಕ್ಕೆ ಬೀಳುವ ಕಜ್ಜಿ ರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. ರಜೆ ಬಂದರೆ ಉಳಿದವರು ತವರಿಗೆ ಹೋಗುವರು, ಇವರು ಝಳಕಿ ಕಡೆಯ ಲಿಂಬೆ ತೋಟಗಳಿಗೆ. ಮರಳಿ ಬಂದಾಗ ಎರಡೂ ಕೈ ಮುಳ್ಳು ಗೀರಿ ಕೆಂಪಾಗಿರುತ್ತಿದ್ದವು.

ಪಿಎಚ್.ಡಿ. ಇಲ್ಲದ ಅತಿಥಿಗಳಿಗೆ ಬರುವ ವರ್ಷದಿಂದ ತರಗತಿ ಕೊಡುವುದಿಲ್ಲ ಎಂಬ ಸುದ್ದಿ ಬಂದಿತ್ತು. ಮೇಡಂ ಅವರ ಥೀಸಿಸ್ ಮುಗಿಯುತ್ತ ಬಂದಿತ್ತು. ಆದರೆ ಅದನ್ನು ಒಪ್ಪಿಸಬೇಕೆಂದರೆ ಅವರ ಹೆಸರಿನಲ್ಲಿ ಒಂದು ಲೇಖನ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿರಬೇಕು. ಒಂದೇ ಒಂದು. ಅದನ್ನು ಅವರ ಗೈಡ್ ಸಾಹೇಬರು "ಕಳಿಸೇನಿ, ಬರ್ತೈತಿ ತಡಿ" ಎನ್ನುತ್ತ ಎರಡು ವರ್ಷ ದಾಟಿಸಿದ್ದರು.

ಥೀಸಿಸ್ಸಿಗೆ ಬೇರೆಯವರ ಲೇಖನ ಓದಬೇಕಲ್ಲ, ಪ್ರತಿಯೊಂದೂ ಡಾಲರ್ ಕೇಳುತ್ತಿತ್ತು. ನಾನು ಮುದ್ದೇಬಿಹಾಳದ ಕಾರ್ಯಾಗಾರವೊಂದರಲ್ಲಿ ಕಲಿತಿದ್ದ ಈ ಸಲಕರಣೆಯನ್ನು ಅವರ ಲ್ಯಾಪ್‌ಟಾಪಿಗೆ ಒಂದೇ ನಿಮಿಷದಲ್ಲಿ ಜೋಡಿಸಿಕೊಟ್ಟೆ. ಗ್ರಂಥಾಲಯದ ಕಂಪ್ಯೂಟರುಗಳಿಗೂ ಹಾಕೋಣವೆಂದು ಪ್ರಾಚಾರ್ಯರ ಬಳಿ ಹೋದೆ. ಅದೇ ತಪ್ಪಾಯಿತು.

"ಪುಕ್ಕಟೆ ಅಂತೀರಿ," ಎಂದರು ಪ್ರಾಚಾರ್ಯರು. "ಪುಕ್ಕಟೆ ಸಿಕ್ಕದ್ದು ಕಳವಿನ ಮಾಲೇ ಇರ್ತೈತಿ."

"ಇಲ್ರೀ ಸರ್, ಬರದವರೇ ಇಟ್ಟಿರ್ತಾರ್ರಿ. ಎಲ್ಲಾ ಕಾಯ್ದೆ ಪ್ರಕಾರ ಐತಿ."

"ಬರದವರು ಪುಕ್ಕಟೆ ಯಾಕ ಇಡ್ತಾರ? ಹುಚ್ಚು ಹಿಡದೈತೇನು ಅವರಿಗೆ?"

"ನಾಕು ಮಂದಿ ಓದಲಿ ಅಂತರಿ."

ಪ್ರಾಚಾರ್ಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಪ್ಪತ್ತಾರು ವರ್ಷ ಸರ್ವಿಸ್ ಆಗೇತಿ ನಿಮ್ಮದು. ಮಂದಿ ಓದಲಿ ಅಂತ ಯಾರರೆ ಲೇಖನ ಬರೀತಾರೇನ್ರಿ? ಪ್ರಮೋಷನ್ ಆಗಲಿ ಅಂತ ಬರೀತಾರ."

೨. ಸೊನ್ನೆಯ ಪೈಪೋಟಿ

ಆದರೂ ಪ್ರಾಚಾರ್ಯರು ಒಪ್ಪಿದರು. "ನಿಯಮದ ಪ್ರಕಾರ ತರಿಸಿರಿ" ಎಂದು ನನ್ನ ಅರ್ಜಿಯ ಮೂಲೆಯಲ್ಲಿ ಬರೆದು ಕಚೇರಿಯ ಸೂಪರಿಂಟೆಂಡೆಂಟ್ ಕಡೆ ಕಳಿಸಿದರು. ನಮ್ಮ ಸೂಪರಿಂಟೆಂಡೆಂಟ್ ಎಂಥವರೆಂದರೆ, ಹೊರಗೆ ಮಳೆ ಬಂದರೆ ಆವಕ ಸಂಖ್ಯೆ ಹಾಕಿದ ಮೇಲೆಯೇ ಒದ್ದೆಯಾಗುವವರು.

"ಮೂರು ಕೊಟೇಶನ್ ತರ್ರಿ," ಎಂದರು.

"ಅಲ್ರೀ, ಅದಕ್ಕ ರೊಕ್ಕ ಇಲ್ಲ. ಪುಕ್ಕಟೆ ಐತಿ."

"ಪುಕ್ಕಟೆದ್ದಕ್ಕೂ ಫೈಲ್ ಬೇಕ್ರಿ. ನಾಳೆ ಆಡಿಟ್‌ನವರು ಎಲ್ಲಿಂದ ಬಂತು ಅಂದ್ರ, ಮುಗಲಿನಿಂದ ಬಿತ್ತು ಅನ್ನಲೇನು?"

ಸಿಂದಗಿ ಬಜಾರದ ಮೂರು ಕಂಪ್ಯೂಟರ್ ಅಂಗಡಿ ಹತ್ತಿ ಇಳಿದೆ. ಮೊದಲಿನವನು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಸೊನ್ನೆ ಎಂದು ಬರೆದು ಠಸ್ಸೆ ಒತ್ತಿದ. ಎರಡನೆಯವನು, "ಸೊನ್ನಿ ಬರದ್ರ ನಾಳೆ ಎಲ್ಲಾರೂ ಸೊನ್ನಿಗೇ ಕೇಳ್ತಾರ್ರಿ, ನಮ್ಮ ಅಂಗಡಿ ಮರ್ಯಾದಿ ಏನಾಗಬೇಕು?" ಎಂದು ಐನೂರು ಬರೆದ. ಮೂರನೆಯವನು ಸೊನ್ನೆಯನ್ನೇ ಬರೆದು, ಕೆಳಗೆ ಅಭ್ಯಾಸಬಲದಿಂದ "ಸಾಗಾಟದ ಖರ್ಚು ಬೇರೆ" ಎಂದು ಸೇರಿಸಿದ.

ಖರೀದಿ ಸಮಿತಿ ಕೂತಿತು. ಇಬ್ಬರದೂ ಸೊನ್ನೆ, ಯಾರದು ಕಡಿಮೆ ಎಂಬ ಚರ್ಚೆ ಚಹಾ ಬರುವತನಕ ನಡೆಯಿತು. ಸಾಗಾಟ ಬೇರೆ ಎಂದವನನ್ನು ಬಿಟ್ಟು ಮೊದಲಿನವನಿಗೆ ಆದೇಶ ಕೊಟ್ಟರು. ಅವನು ಬಂದು, ನಾನು ಒಂದು ನಿಮಿಷದಲ್ಲಿ ಮಾಡುವ ಕೆಲಸವನ್ನು ನನ್ನನ್ನೇ ಕೇಳಿಕೊಂಡು ಮಾಡಿ, ಸೊನ್ನೆ ರೂಪಾಯಿಯ ಬಿಲ್ಲು ಕೊಟ್ಟು ಹೋದ. ಇಷ್ಟಕ್ಕೆ ಒಂದೂವರೆ ತಿಂಗಳು.

ಆಡಿಟ್‌ನವರು ಬಂದರು. ಫೈಲನ್ನು ತಿರುವಿ ಹಾಕಿದರು. ಎಲ್ಲ ಸರಿ ಇತ್ತು. ಒಂದೇ ಆಕ್ಷೇಪಣೆ ಬರೆದರು: "ದರದಲ್ಲಿ ರಿಯಾಯಿತಿ ಕೇಳಿದ ಬಗ್ಗೆ ದಾಖಲೆ ಇರುವುದಿಲ್ಲ."

೩. ಪಹಣಿ

ಸಲಕರಣೆ ಬಂದ ದಿನ ಸೂಪರಿಂಟೆಂಡೆಂಟ್ ತಾವೇ ನೋಡಲು ಬಂದರು. ಮೇಡಂ ಬ್ರೆಜಿಲ್ ದೇಶದ ಲಿಂಬೆ ಲೇಖನವೊಂದನ್ನು ಅವರಿಗೆ ತೆರೆದು ತೋರಿಸಿದರು. ಹಸಿರು ಬೀಗ ಒತ್ತಿದ ಕೂಡಲೇ ಲೇಖನ ಬಂತು.

"ಬ್ರೆಜಿಲ್ ತನಕ ಹೋಗಿ ತರ್ತೈತಿ?" ಎಂದು ಅವರು ಬೆರಗಾದರು. "ಹಂಗಾದ್ರ ಕನ್ನೊಳ್ಳಿಯಾಗ ನಮ್ಮಪ್ಪನ ಹೊಲದ ಪಹಣಿ ತರಲಿ ನೋಡೂಣು. ಇಲ್ಲೇ ಹತ್ರ ಐತಿ."

ಅದು ಬರೇ ಲೇಖನ ಹುಡುಕುತ್ತದೆ ಎಂದು ಮೇಡಂ ತಿಳಿಸಿ ಹೇಳಿದರು. ಸೂಪರಿಂಟೆಂಡೆಂಟ್ ಮುಖ ಸಣ್ಣದು ಮಾಡಿಕೊಂಡು ಎದ್ದರು. "ಸೊನ್ನಿ ಕೊಟ್ಟದ್ದೇ ಜಾಸ್ತಿ ಆತು ಬಿಡ್ರಿ."

೪. ಮುಚ್ಚಾಕ ಎಷ್ಟಾಗ್ತೈತಿ?

ಒಂದು ದಿನ ಮೇಡಂ ಕುಣಿಯುವುದೊಂದು ಬಾಕಿ. ಮುದ್ದೇಬಿಹಾಳ ಕಡೆಯ ಒಬ್ಬ ಪ್ರಾಧ್ಯಾಪಕರು ಲಿಂಬೆ ತೋಟದ ಮಣ್ಣಿನ ಮೇಲೆ ಬರೆದ ಲೇಖನಕ್ಕೆ ಹಸಿರು ಬೀಗ ಕಂಡಿತ್ತು. ನಮ್ಮ ಜಿಲ್ಲೆಯದೇ ಮಣ್ಣು, ನಮ್ಮ ಜಿಲ್ಲೆಯವರದೇ ಲೇಖನ. ಆದರೆ ನಾಲ್ಕನೇ ಕೋಷ್ಟಕದ ಅಂಕಿ ತಾಳೆಯಾಗುತ್ತಿರಲಿಲ್ಲ. ಕೇಳೋಣವೆಂದು ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

"ಸರ್, ನಿಮ್ಮ ಲೇಖನ ಓದಿದ್ನ್ರಿ..."

ಆ ಕಡೆಯಿಂದ ಗಾಬರಿಯ ದನಿ. "ಯಾಕ ಓದಿದ್ರಿ? ಯಾರು ಹೇಳ್ಯಾರ ನಿಮಗ ಓದು ಅಂತ? ಎನ್ಕ್ವೈರಿ ಹಾಕ್ಯಾರೇನು?"

"ಇಲ್ರೀ ಸರ್, ನಾಕನೇ ಕೋಷ್ಟಕದಾಗ ಒಂದು ಸಂಶಯ ಇತ್ತು."

"ಅದು ನಂದಲ್ಲ."

"ನಿಮ್ಮ ಹೆಸರೇ ಐತ್ರಿ ಮ್ಯಾಲ."

"ಹೆಸರು ನಂದು. ಒಳಗಿಂದು ನನಗ ಗೊತ್ತಿಲ್ಲ," ಎಂದು ಫೋನ್ ಇಟ್ಟರು.

ಮರುದಿನ ಯಾರಿಂದಲೋ ನನ್ನ ನಂಬರು ಹಿಡಿದು ನನಗೇ ಫೋನ್ ಮಾಡಿದರು. ಅಳುವುದೊಂದು ಬಾಕಿ. ಹತ್ತು ವರ್ಷ ಆ ಲೇಖನ ತನ್ನ ಪಾಡಿಗೆ ತಾನು ಬಿದ್ದಿತ್ತಂತೆ, ಒಬ್ಬರೂ ಮುಟ್ಟಿರಲಿಲ್ಲವಂತೆ, ಬರೆಸಿಕೊಂಡು ಹೆಸರು ಹಾಕಿಸಿದ್ದು ನಿಜವಂತೆ, ಎಲ್ಲರೂ ಮಾಡುವುದೇ ಅಂತೆ. ಜಗತ್ತಿನವರೆಲ್ಲ ಬೀಗ ತೆಗೆಯಲು ಎಷ್ಟು ಡಾಲರ್ ಎಂದು ಕೇಳುವಾಗ ಈ ಪುಣ್ಯಾತ್ಮರು ಕೇಳಿದ್ದು ಬೇರೆ.

"ಆ ಹಸಿರು ಬೀಗ ಮತ್ತ ಮುಚ್ಚಾಕ ಎಷ್ಟಾಗ್ತೈತಿ, ಅಷ್ಟು ಹೇಳಿಬಿಡ್ರಿ."

೫. ಗಾಜಿನ ಕಪಾಟು

ಕಾಲೇಜಿನ ಗುಣಮಟ್ಟ ನೋಡಲು ತಪಾಸಣಾ ಸಮಿತಿ ಬರುವುದೆಂದು ಗೊತ್ತಾದ ಕೂಡಲೇ ಪ್ರಾಚಾರ್ಯರಿಗೆ ನಮ್ಮ ಕಳವಿನ ಮಾಲಿನ ಮೇಲೆ ಒಮ್ಮೆಲೇ ಪ್ರೀತಿ ಬಂತು. ಹಸಿರು ಬೀಗದಲ್ಲಿ ಸಿಕ್ಕ ಲೇಖನವೆಲ್ಲ ಮುದ್ರಿಸಿ ಗ್ರಂಥಾಲಯದಲ್ಲಿ ಇಡಬೇಕೆಂದು ಅಪ್ಪಣೆ ಆಯಿತು. ಮುದ್ರಿಸಲು ಹೊತ್ತಿಲ್ಲ ಎಂದೆ. "ಆ ಮೇಡಂ ಕಡೆ ಇದ್ದಾವಲ್ಲ, ಅವನ್ನ ಇಸಗೊಳ್ರಿ," ಎಂದರು.

ಸಲಕರಣೆ ಬಂದಾಗಿನಿಂದ ಮೇಡಂ ಒಂದೊಂದೇ ಮುದ್ರಿಸಿಕೊಂಡು, ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆದು ಇಟ್ಟಿದ್ದ ಲೇಖನಗಳು ಅವು. ನಾನೇ ಕೈಯೊಡ್ಡಿ ಇಸಿದುಕೊಂಡೆ. "ಎಂಟು ದಿನದ ಮಾತು ಮೇಡಂ, ವಾಪಸ್ ಕೊಡ್ತೇನಿ" ಎಂದೆ. ಈಗ ನೆನೆದರೆ ನನ್ನ ಕೈ ನನಗೇ ಹೇಸಿಗೆಯಾಗುತ್ತದೆ.

ಅವಕ್ಕೆ ಕೆಂಪು ರೆಕ್ಸಿನ್ ಹೊದಿಸಿ, ಬಂಗಾರದ ಅಕ್ಷರ ಒತ್ತಿಸಿ, ಠಸ್ಸೆ ಹಾಕಿ ಗಾಜಿನ ಕಪಾಟಿನಲ್ಲಿ ಇಟ್ಟರು. ಕಪಾಟಿಗೆ ಬೀಗ. ಕೀಲಿ ಸೂಪರಿಂಟೆಂಡೆಂಟ್ ಖಾನೆಯಲ್ಲಿ. ಮೇಡಂ ಒಂದು ದಿನ ಹೋಗಿ, ಕೊನೆಯ ಅಧ್ಯಾಯ ಅರ್ಧಕ್ಕೆ ನಿಂತಿದೆ, ಒಂದು ಸಂಪುಟ ಕೊಡಿ ಎಂದು ಕೇಳಿದರು. ಠಸ್ಸೆ ಬಿದ್ದ ಮೇಲೆ ಅದು ಕಾಲೇಜಿನ ಆಸ್ತಿ, ಅತಿಥಿಗಳಿಗೆ ಪುಸ್ತಕ ಎರವಲು ಕೊಡುವ ನಿಯಮ ಇಲ್ಲ ಎಂದು ಉತ್ತರ ಬಂತು. ತಾವು ಬರೆದ ಟಿಪ್ಪಣಿಯನ್ನು ಅವರು ಗಾಜಿನ ಹೊರಗೆ ನಿಂತು ನೋಡಿದರು.

ಸಮಿತಿ ಬಂತು. ಅದರಲ್ಲಿ ಒಬ್ಬ ವಯಸ್ಸಾದ ಸದಸ್ಯರು ಕಪಾಟಿನ ಮುಂದೆ ನಿಂತು, "ಬಹಳ ಚೆನ್ನಾಗಿದೆ. ಇವನ್ನು ಯಾರಾದರೂ ಬಳಸುತ್ತಾರಾ?" ಎಂದು ಕೇಳಿದರು.

ಪ್ರಾಚಾರ್ಯರು ಎದೆ ಉಬ್ಬಿಸಿದರು. "ಇಲ್ಲ ಸರ್. ಇವತ್ತಿನ ತನಕ ಒಬ್ಬರನ್ನೂ ಮುಟ್ಟಾಕ ಬಿಟ್ಟಿಲ್ಲ."

೬. ಹಾಗೂ ಮೂವರು

ಇಷ್ಟೆಲ್ಲದರ ನಡುವೆ ಮೇಡಂ ಕಾಯುತ್ತಿದ್ದದ್ದು ಅದೊಂದೇ ಲೇಖನಕ್ಕೆ. ಒಂದು ದಿನ ಹುಡುಕುವಾಗ ಅದು ಸಿಕ್ಕೇಬಿಟ್ಟಿತು. ಇಂಡಿ ಸೀಮೆಯ ಲಿಂಬೆ, ಕಜ್ಜಿ ರೋಗ, ಶೀರ್ಷಿಕೆ ಅಕ್ಷರ ಅಕ್ಷರ ಅವರು ಕೊಟ್ಟದ್ದೇ. ಒಳ್ಳೆಯ ಪತ್ರಿಕೆ. ಮೊದಲನೇ ಹೆಸರು ಗೈಡ್ ಸಾಹೇಬರದು, ಅದರ ಮುಂದೆ "ಹಾಗೂ ಮೂವರು" ಎಂದು ಪತ್ರಿಕೆಯವರು ಉಳಿದ ಹೆಸರು ಮಡಚಿಟ್ಟಿದ್ದರು. ಬಿಡಿಸಿ ನೋಡಬೇಕೆಂದರೆ ಡಾಲರ್. ಬೀಗ ಬೂದು ಬಣ್ಣದ್ದು. ಲೇಖನವನ್ನು ಕೆಲವು ತಿಂಗಳು ಮುಚ್ಚಿಟ್ಟು ಆಮೇಲೆ ವಿಶ್ವವಿದ್ಯಾಲಯದ ಭಂಡಾರದಲ್ಲಿ ತೆರೆಯಬಹುದೆಂಬ ಕರಾರು ಇತ್ತು.

ಗೈಡ್ ಸಾಹೇಬರಿಗೆ ಫೋನ್ ಮಾಡಿದರೆ, "ಪ್ರಕಾಶಕರ ಹಕ್ಕಿನ ಮಾತು ತಂಗಿ, ಕಾಪಿ ಕೊಡಾಕ ಬರೂದಿಲ್ಲ, ಬೀಗ ತೆರದಾಗ ನೋಡು," ಎಂದರು. ಹೆಸರಿದೆಯೋ ಇಲ್ಲವೋ ಎಂದು ಕೇಳಲು ಮೇಡಂ ಅವರಿಗೆ ಬಾಯಿ ಬರಲಿಲ್ಲ. ಗುರುಗಳ ಮೇಲೆ ಸಂಶಯ ಪಟ್ಟ ಹಾಗಾಗುತ್ತದೆ ಎಂದರು.

ಧೈರ್ಯ ಹೇಳಿದವನು ನಾನು. "ಮೂವರಾಗ ನೀವಿಲ್ಲದ ಮತ್ಯಾರು ಇರ್ತಾರ್ರಿ? ತೋಟ ತಿರಗಿದವರು ನೀವು, ಎಲಿ ಎಣಿಸಿದವರು ನೀವು." ಮರುದಿನ ಪೇಢೆ ತಂದರು. ಪ್ರಾಚಾರ್ಯರು ಎರಡು ತಿಂದರು. ನಾನು ನಾಲ್ಕು ತಿಂದೆ.

ಆಮೇಲೆ ದಿನಾ ಬೆಳಿಗ್ಗೆ ಬಸ್ಸಿಳಿದು ಬಂದವರೇ ಮೊದಲು ಬೀಗದ ಬಣ್ಣ ನೋಡುತ್ತಿದ್ದರು. ಬೂದು. ಮರುದಿನ ಬೂದು. ಥೀಸಿಸ್ ಒಪ್ಪಿಸಲು ಒಂದು ವಾರ ಉಳಿದಿದ್ದಾಗ, ಮುಂಜಾನೆ ಹನ್ನೊಂದರ ಹೊತ್ತಿಗೆ, ಅದು ಹಸಿರಾಯಿತು. ಮೇಡಂ ನನ್ನನ್ನು ಕೂಗಿ ಕರೆದರು. ಒತ್ತಿದೆವು. ತೆರೆಯಿತು.

ಮೂವರಲ್ಲಿ ಮೊದಲನೆಯವರು ವಿಭಾಗದ ಮುಖ್ಯಸ್ಥರು. ಎರಡನೆಯವರು ಗೈಡ್ ಸಾಹೇಬರ ಹೆಂಡತಿ. ಮೂರನೆಯವರು ಅವರ ಅಳಿಯ. ಆತ ಸಿವಿಲ್ ಎಂಜಿನಿಯರ್. ಲಿಂಬೆಯ ಪರಿಚಯ ಉಪ್ಪಿನಕಾಯಿಯ ಮಟ್ಟಿಗೆ ಇರಬಹುದು.

ಕೊನೆಯಲ್ಲಿ ಕೃತಜ್ಞತೆ ಸಲ್ಲಿಸಿದ್ದರು. ಇಂಡಿ ಭಾಗದ ರೈತರಿಗೆ, ಕುಲಪತಿಗಳಿಗೆ, ಜೀಪಿನ ಚಾಲಕನಿಗೆ. ಜೀಪಿನಲ್ಲಿ ಅವರು ಎಲ್ಲಿಗೆ ಹೋಗಿದ್ದರೋ ನನಗೆ ಗೊತ್ತಿಲ್ಲ, ಮೇಡಂ ತೋಟಕ್ಕೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ.

೭. ಚಿತ್ರ ಮೂರು

ಮೇಡಂ ಅಳಲಿಲ್ಲ. ಒಂದೊಂದೇ ಪುಟ ಕೆಳಗೆ ಸರಿಸುತ್ತ ಹೋದರು. ಆರಾರು ತಿಂಗಳಿಗೊಮ್ಮೆ ಅವರು ಗೈಡ್ ಸಾಹೇಬರಿಗೆ ಕೊಟ್ಟಿದ್ದ ವರದಿಯ ಅಂಕಿಗಳೆಲ್ಲ ಅಲ್ಲಿ ನೀಟಾಗಿ ಕೂತಿದ್ದವು. ಒಂದು ಕಡೆ ನಿಂತರು. "ಚಿತ್ರ ಮೂರು: ರೋಗ ತಗುಲಿದ ಎಲೆ" ಎಂದಿತ್ತು. ಬಲಗೈಯಲ್ಲಿ ಮೊಬೈಲ್ ಹಿಡಿದು ಎಡಗೈಯಲ್ಲಿ ಎಲೆ ಹಿಡಿದು ತೆಗೆದ ಫೋಟೊ. ಎಲೆಯ ಮೇಲೆ ಒಂದು ಹೆಬ್ಬೆರಳು. ಉಗುರಿನ ಬುಡದಲ್ಲಿ, ಸಣ್ಣಂದಿನಲ್ಲಿ ಜೋಳ ಕೊಯ್ಯುವಾಗ ಕುಡಗೋಲು ತಾಕಿದ ಕಲೆ.

ಮೇಡಂ ತಮ್ಮ ಎಡಗೈಯನ್ನು ಪರದೆಯ ಪಕ್ಕ ಹಿಡಿದರು. "ನನ್ನ ಬೆರಳ್ರಿ ಸರ್ ಇದು," ಎಂದರು.

ಫೋನ್ ಹಚ್ಚಿದರು. ಈ ಸಲ ಬಾಯಿ ಬಂತು. "ಸರ್, ನನ್ನ ಹೆಸರು ಇಲ್ರಿ ಅದರಾಗ."

"ಹಾಕಬೇಕಂತಿದ್ದೆ ತಂಗಿ," ಎಂದರು ಗೈಡ್ ಸಾಹೇಬರು. ದನಿಯಲ್ಲಿ ಬೇಸರವೂ ಇರಲಿಲ್ಲ, ನಾಚಿಕೆಯಂತೂ ಇರಲೇ ಇಲ್ಲ. "ನಾಲ್ಕರ ಮ್ಯಾಲ ಹೆಸರು ಹಿಡಿಯೂದಿಲ್ಲ ಅಂದ್ರು. ಏನು ಮಾಡೂದು? ಆದ್ರೂ ನಿನ್ನ ಫೋಟೊ ಹಾಕಸೇನಲ್ಲ!"

ನನಗೆ ಸಿಟ್ಟು ಬಂತು. ಗೈಡ್ ಮೇಲೆ ಎಷ್ಟು ಬಂತೋ, ನಾಲ್ಕು ಪೇಢೆ ತಿಂದ ನನ್ನ ಮೇಲೂ ಅಷ್ಟೇ ಬಂತು. ದೂರು ಕೊಡೋಣ ಮೇಡಂ ಎಂದು ಆವತ್ತೇ ವಿಶ್ವವಿದ್ಯಾಲಯದ ದೂರಿನ ನಮೂನೆ ಇಳಿಸಿದೆ. ಮೂರು ಪುಟದ ನಮೂನೆ. ಎಲ್ಲ ತುಂಬಿದೆವು. ಕೊನೆಯ ಸಾಲಿನಲ್ಲಿ, "ಮಾರ್ಗದರ್ಶಕರ ಶಿಫಾರಸ್ಸಿನೊಂದಿಗೆ ಸಲ್ಲಿಸತಕ್ಕದ್ದು" ಎಂದಿತ್ತು. ಶಿಫಾರಸ್ಸು ಇಲ್ಲದೆಯೇ ಅಂಚೆಗೆ ಹಾಕಿದೆವು. "ಶಿಫಾರಸ್ಸು ಇರುವುದಿಲ್ಲ" ಎಂಬ ಷರಾದೊಂದಿಗೆ ಅದು ಮರಳಿ ಬಂತು.

ಥೀಸಿಸ್ ಒಪ್ಪಿಸುವ ದಿನ ದಾಟಿತು. ಹೊಸ ವರ್ಷದ ಅತಿಥಿಗಳ ಪಟ್ಟಿ ಬಂತು, ಮೇಡಂ ಹೆಸರಿರಲಿಲ್ಲ. ಒಂಬತ್ತು ವರ್ಷ ಪಾಠ ಹೇಳಿದ ಕಾಲೇಜಿನಿಂದ ಬಾಕಿ ಏನೂ ಇಲ್ಲವೆಂಬ ಚೀಟಿ ಒಯ್ಯಲು ಬಂದರು. ನಾನು ಸಹಿ ಮಾಡಿ, ಜತೆಗೆ ಕಚೇರಿಯ ತನಕ ಹೋದೆ. ಸೂಪರಿಂಟೆಂಡೆಂಟ್ ರಿಜಿಸ್ಟರ್ ತೆರೆದು ಅವರ ಮುಂದೆ ತಳ್ಳಿದರು.

"ಇಲ್ಲಿ ಸಹಿ ಮಾಡ್ರಿ ಮೇಡಂ."

ಮೇಡಂ ಪೆನ್ನು ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲಿನ ಮಸಿ ಪ್ಯಾಡನ್ನು ಹತ್ತಿರ ಎಳೆದುಕೊಂಡರು.

"ಇದೇನ್ರಿ? ಎಂ.ಎಸ್ಸಿ. ಕಲತೀರಿ!"

"ನನ್ನ ಹೆಸರು ಎಲ್ಲೂ ನಡೀಲಿಲ್ರಿ," ಎಂದರು ಮೇಡಂ. ಮಾತು ಮೆತ್ತಗೇ ಇತ್ತು, ಆದರೆ ಕಚೇರಿಯಲ್ಲಿ ಎಲ್ಲರ ಕೈ ನಿಂತಿತು. "ಅಚ್ಚಾಗಿದ್ದು ಈ ಬೆರಳೊಂದೇ. ನಮ್ಮವ್ವಗ ಸಹಿ ಬರೂದಿಲ್ರಿ. ತಿಂಗಳಾ ತಿಂಗಳಾ ರೇಶನ್ ಅಂಗಡ್ಯಾಗ ಹೆಬ್ಬಟ್ಟು ಒತ್ತತಾಳ, ಅಕ್ಕಿ ಹಾಕಿ ಕಳಿಸ್ತಾರ. ನಾ ಇಷ್ಟು ಓದಿ ಒತ್ತಾಕತ್ತೇನಿ, ನನಗೇನು ಹಾಕ್ತೀರಿ ನೋಡೂಣು."

ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿ ರಿಜಿಸ್ಟರಿನಲ್ಲಿ ಒತ್ತಿದರು. ಕುಡಗೋಲಿನ ಕಲೆಯ ತನಕ ಮಸಿ ಹತ್ತಿತ್ತು. ನಾನು ಗೋಡೆ ನೋಡುತ್ತ ನಿಂತೆ. ಸೂಪರಿಂಟೆಂಡೆಂಟ್ ಕನ್ನಡಕ ಹಣೆಗೇರಿಸಿ ಆ ಗುರುತನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣಲ್ಲೂ ನೀರು ಬಂತೇನೋ ಎಂದುಕೊಂಡೆ.

"ನಡಿಯೂದಿಲ್ರಿ ಮೇಡಂ," ಎಂದರು. "ಹೆಣ್ಮಕ್ಕಳದು ಬಲಗೈದು ಇರಬೇಕು."